ಆಫರ್ ಲೆಟರ್ ಒಪ್ಪಿಕೊಂಡವರು ಕೆಲಸಕ್ಕೆ ಬಾರದೇ ಹೋದರೆ: ನೇಮಕಾತಿ ಮಾಡುವವರು ನಿಮ್ಮ ಅನುಭವ ತಿಳಿಸಿ

ಪೀಣ್ಯ_ವರ್ಕ್‌ಶಾಪ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ನಾಲ್ಕು ಸಿಎನ್‌ಸಿ ಲೇತ್, ಎರಡು ವಿಎಂಸಿ ಮಿಲ್ಲಿಂಗ್ ಯಂತ್ರ, ನಾನೂ ಸೇರಿ 34 ಜನ. ಪಂಪುಗಳಿಗೆ ಶಾಫ್ಟ್ ಮತ್ತು ಬುಶ್ (ಶಾಫ್ಟ್ ತಿರುಗಲು ಹಾಕುವ ಲೋಹದ ಕೊಳವೆ) ಮಾಡಿಕೊಡುತ್ತೇವೆ. ಹೋದ ತಿಂಗಳು ಕ್ವಾಲಿಟಿ ಇನ್‌ಸ್ಪೆಕ್ಟರ್ ಒಬ್ಬರು ಬೇಕೆಂದು ಪ್ರಕಟಣೆ ಹಾಕಿದಾಗ 140ಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕರ್ಧ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್‌ಗಳು: ಜೊತೆಗೆ ಒಂದು ಸಾಲಿನ ಒಕ್ಕಣೆಯೂ ಇಲ್ಲ, ಯಾವ ಹುದ್ದೆಗೆ ಎಂಬ ಸುಳಿವೂ ಇಲ್ಲ, ಇಬ್ಬರ ಪತ್ರದಲ್ಲಂತೂ ಬೇರೊಂದು ಕಂಪನಿಯ ಹೆಸರು ಹಾಗೆಯೇ ಉಳಿದಿತ್ತು. ಅದನ್ನು ನಾನು ದೊಡ್ಡದು ಮಾಡಲಿಲ್ಲ. ಹನ್ನೆರಡು ಜನರನ್ನು ಸಂದರ್ಶನಕ್ಕೆ ಕರೆದೆ, ಏಳು ಜನ ಬಂದರು. ಬಾರದ ಐವರಲ್ಲಿ ಒಬ್ಬರು ಮಾತ್ರ ಮುಂಚಿತವಾಗಿ ತಿಳಿಸಿದ್ದರು.

ನಾನು ಪ್ರತಿಯೊಬ್ಬರ ಮುಂದೆಯೂ ಒಂದು ಬುಶ್, ಅದರ ಡ್ರಾಯಿಂಗ್ ಮತ್ತು 0–25 ಮಿ.ಮೀ. ಅಳೆಯುವ ಮೈಕ್ರೋಮೀಟರ್ ಇಟ್ಟು, ಹೊರ ವ್ಯಾಸ ಅಳೆಯಲು ಹೇಳುತ್ತೇನೆ. ಮೈಕ್ರೋಮೀಟರ್‌ನ ಝೀರೋ ಎರಡು ಗೆರೆ ಸರಿದಿರುವಂತೆ, ಅಂದರೆ ಮುಚ್ಚಿದಾಗಲೂ ಸೊನ್ನೆ ತೋರಿಸದಂತೆ, ನಾನೇ ಮಾಡಿಟ್ಟಿರುತ್ತೇನೆ. ಆರು ಜನ ನೇರವಾಗಿ ಅಳೆದು ಅಂಕಿ ಹೇಳಿದರು. ಒಬ್ಬ ಹುಡುಗ ಮಾತ್ರ ಮೊದಲು ಬುಶ್ ಮೇಲಿನ ಎಣ್ಣೆಯನ್ನು ಕಾಟನ್ ವೇಸ್ಟ್‌ನಿಂದ ಒರೆಸಿದ. ಮೈಕ್ರೋಮೀಟರ್‌ನ ಎರಡು ಮುಖಗಳ ನಡುವೆ ಬಿಳಿ ಕಾಗದದ ಚೂರನ್ನು ಹಿಡಿದು ಮೆಲ್ಲಗೆ ಎಳೆದು ಶುಚಿ ಮಾಡಿದ. ರ‍್ಯಾಚೆಟ್ ತಿರುಗಿಸಿ ಮುಚ್ಚಿ, ಬೆಳಕಿಗೆ ಹಿಡಿದು ನೋಡಿ, "ಸರ್, ಇದರಲ್ಲಿ 0.02 ಪ್ಲಸ್ ಎರರ್ ಇದೆ, ಕಳೆದು ಹೇಳಲೇ?" ಎಂದ. ನನ್ನ ಇಪ್ಪತ್ತೆರಡು ವರ್ಷಗಳಲ್ಲಿ ಹೀಗೆ ಕೇಳಿದವರು ಬೆರಳೆಣಿಕೆಯಷ್ಟು.

ಅಂದೇ ಬಾಯಿಮಾತಿನಲ್ಲಿ ಒಪ್ಪಂದವಾಯಿತು, ಮರುದಿನ ಆಫರ್ ಲೆಟರ್ ಕಳಿಸಿದೆ, ಅವನಿಂದ ಒಪ್ಪಿಗೆಯೂ ಬಂತು. ಉಳಿದ ಆರು ಜನರನ್ನು ಬಿಟ್ಟುಬಿಟ್ಟೆ. ಒಂದನೇ ತಾರೀಖು ಹುಡುಗ ಬರಲಿಲ್ಲ. ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. ಸಂದೇಶ ಓದಿದ ಗುರುತು ಕಾಣುತ್ತದೆ, ಉತ್ತರವಿಲ್ಲ. ಬರುವುದಿಲ್ಲವೆಂಬ ಒಂದು ಮಾತನ್ನು ನಿರೀಕ್ಷಿಸುವುದು ಅತಿಯಾಯಿತೇ? ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಹುಬ್ಬಳ್ಳಿ_ಸಗಟು

ನೀವು ಹೇಳಿದ್ದು ಅಕ್ಷರಶಃ ನಿಜ ಸರ್. ನನ್ನದು ಔಷಧಿಗಳ ಸಗಟು ವ್ಯಾಪಾರ. ಬಿಲ್ಲಿಂಗ್‌ಗೆ ಒಬ್ಬರನ್ನು, ಗೋದಾಮಿಗೆ ಇಬ್ಬರನ್ನು ಹುಡುಕುವಷ್ಟರಲ್ಲಿ ವರ್ಷಕ್ಕೊಮ್ಮೆ ಪ್ರಾಣ ಹೋಗಿ ಬಂದಂತಾಗುತ್ತದೆ. ಸೋಮವಾರ ಬರುತ್ತೇನೆಂದವರು ಬರುವುದೇ ಇಲ್ಲ, ಬಂದವರು ಹದಿನೈದು ದಿನಕ್ಕೆ ಕೈಕೊಡುತ್ತಾರೆ. ಆದ್ದರಿಂದ ನಾನು ಕೆಲಸಕ್ಕೆ ಸೇರಿದ ದಿನವೇ ಅಸಲಿ ಮಾರ್ಕ್ಸ್‌ಕಾರ್ಡ್ ಪಡೆದು ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದಿದ್ದರೆ ಮಾತಿಗೆ ಕಟ್ಟುಬೀಳುತ್ತಾರೆ.

ಎಚ್‌ಆರ್_ಮೈಸೂರು

ಹುಬ್ಬಳ್ಳಿಯವರೇ, ದಯವಿಟ್ಟು ಆ ಪದ್ಧತಿಯನ್ನು ಇಂದೇ ನಿಲ್ಲಿಸಿ. ವಿದ್ಯಾರ್ಥಿಗಳ ಅಸಲಿ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲವೆಂದು ಯುಜಿಸಿ 2018ರಲ್ಲಿ ಕಾಲೇಜುಗಳಿಗೇ ತಾಕೀತು ಮಾಡಿದೆ. ಹಾಗಿರುವಾಗ ಅಂಗಡಿಯವರಿಗೆ ಯಾವ ಹಕ್ಕಿದೆ? ಆ ಹುಡುಗಿಯೋ ಹುಡುಗನೋ ನಾಳೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಹೋಗಬೇಕಾದರೆ ನಿಮ್ಮ ಕಪಾಟಿನ ಮುಂದೆ ಕೈಕಟ್ಟಿ ನಿಲ್ಲಬೇಕೇ? ಅಸಲಿಯನ್ನು ನೋಡಿ, ನಕಲಿನೊಂದಿಗೆ ತಾಳೆ ಹಾಕಿ, ಅವರ ಎದುರಿಗೇ ಹಿಂದಿರುಗಿಸುವುದು ಸರಿಯಾದ ಕ್ರಮ. ಆಧಾರ್ ಕೇಳುವುದಿದ್ದರೂ ಸಂದರ್ಶನದ ಹಂತದಲ್ಲಿ ಬೇಡ, ಸೇರುವಾಗ ಕೇಳಿ.

ಹುಬ್ಬಳ್ಳಿ_ಸಗಟು

ಮೇಡಂ, ನಾನು ಯಾರ ಮಾರ್ಕ್ಸ್‌ಕಾರ್ಡನ್ನೂ ಕೊಡದೆ ಸತಾಯಿಸಿಲ್ಲ. ಕೇಳಿದರೆ ಕೊಟ್ಟೇ ಕೊಡುತ್ತೇನೆ.

ಎಚ್‌ಆರ್_ಮೈಸೂರು

ಕೇಳಬೇಕಾಗಿ ಬರುವುದೇ ತಪ್ಪು ಎನ್ನುತ್ತಿದ್ದೇನೆ.

ಶಾಲಾ_ಕಾರ್ಯದರ್ಶಿ_ದಾವಣಗೆರೆ

ನಾನು ಅನುದಾನರಹಿತ ಪ್ರೌಢಶಾಲೆಯೊಂದರ ಆಡಳಿತ ಮಂಡಳಿಯಲ್ಲಿದ್ದೇನೆ. ಪ್ರತಿ ಏಪ್ರಿಲ್–ಮೇ ತಿಂಗಳಲ್ಲಿ ಶಿಕ್ಷಕರ ಸಂದರ್ಶನ ನಡೆಸುವ ಕೆಲಸ ನನ್ನ ಪಾಲಿನದು. ಪೀಣ್ಯದವರ ನೋವು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಜೂನ್ ಒಂದರಂದು ಗಣಿತದ ಮೇಷ್ಟ್ರು ಬಾರದೇ ಹೋದರೆ ನನ್ನ ಎದುರಿಗೆ ಇರುವುದು ಬುಶ್‌ಗಳಲ್ಲ, ಎಸ್‌ಎಸ್‌ಎಲ್‌ಸಿ ಮಕ್ಕಳು.

ಆದರೂ ನಮ್ಮಿಂದಾದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ನಾಲ್ಕು ವರ್ಷಗಳ ಹಿಂದೆ ಹದಿನಾಲ್ಕು ಅಭ್ಯರ್ಥಿಗಳಿಗೂ ಬೆಳಿಗ್ಗೆ ಒಂಬತ್ತು ಗಂಟೆಗೆ ಬರಲು ಹೇಳಿದ್ದೆವು. ಅಧ್ಯಕ್ಷರು ಬಂದದ್ದು ಹನ್ನೊಂದೂವರೆಗೆ. ಕೊನೆಯ ಅಭ್ಯರ್ಥಿ ಒಳಗೆ ಬಂದಾಗ ಮೂರು ಗಂಟೆ ದಾಟಿತ್ತು. ಆಕೆ ಚನ್ನಗಿರಿ ಕಡೆಯ ಹಳ್ಳಿಯಿಂದ ಬಂದಿದ್ದರು. ಎಂಟು ತಿಂಗಳ ಮಗುವನ್ನು ತಾಯಿಯ ಮಡಿಲಲ್ಲಿ ಬಿಟ್ಟು ಕಾರಿಡಾರಿನಲ್ಲೇ ಕುಳಿತಿದ್ದರು. ಒಬ್ಬರಿಗೂ ನಾವು ಒಂದು ಲೋಟ ನೀರು ಕೊಟ್ಟಿರಲಿಲ್ಲ. ಮನೆಗೆ ದಾರಿಹೋಕರು ಬಂದರೂ ನೀರು ಬೆಲ್ಲ ಕೊಡುವ ಸೀಮೆಯವರು ನಾವು. ನಾವೇ ಕರೆಸಿಕೊಂಡವರನ್ನು ಆರು ಗಂಟೆ ಹಾಗೆಯೇ ಕೂರಿಸಿದೆವು. ಆಕೆ ಮಾದರಿ ಪಾಠ ಮಾಡುವ ಮೊದಲು "ಈ ಮಕ್ಕಳಿಗೆ ಹೋದ ವಾರ ಏನು ಕಲಿಸಿದ್ದೀರಿ?" ಎಂದು ಕೇಳಿದರು. ಅಷ್ಟು ದಣಿದಿದ್ದಾಗಲೂ ಅವರಿಗೆ ಮಕ್ಕಳ ಯೋಚನೆ ಇತ್ತು. ಆಯ್ಕೆ ಮಾಡಿದೆವು, ಬರಲಿಲ್ಲ. ಆ ದಿನದ ನಮ್ಮ ನಡವಳಿಕೆ ನೋಡಿಯೇ ಬರಲಿಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ. ಈಗ ಪ್ರತಿಯೊಬ್ಬರಿಗೂ ನಲವತ್ತು ನಿಮಿಷದ ಅಂತರದಲ್ಲಿ ಬೇರೆ ಬೇರೆ ಸಮಯ ಕೊಡುತ್ತೇವೆ, ಅಧ್ಯಕ್ಷರು ತಡವಾದರೆ ಅವರಿಲ್ಲದೆಯೇ ಆರಂಭಿಸುತ್ತೇವೆ.

ಮೂರನೇ_ಪಾಳಿ

ಅಧ್ಯಕ್ಷರಿಲ್ಲದೆ ಆರಂಭಿಸುವ ಧೈರ್ಯ ಎಷ್ಟು ಸಂಸ್ಥೆಗಳಲ್ಲಿ ಇದೆ? ನಿಮಗೆ ನಮಸ್ಕಾರ.

ಡಿಪ್ಲೊಮಾ_2023

ನಾನು ಕೆಲಸ ಹುಡುಕುವ ಕಡೆಯವನು. ಹಿರಿಯರ ನಡುವೆ ಮಾತನಾಡುತ್ತಿರುವುದಕ್ಕೆ ಕ್ಷಮೆ ಇರಲಿ. ಫೋನ್ ಎತ್ತುವುದಿಲ್ಲ ಎಂಬ ದೂರಿನ ಬಗ್ಗೆ ಒಂದು ಮಾತು. ಜಾಬ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದ ದಿನದಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ರಿಜಿಸ್ಟ್ರೇಷನ್ ಶುಲ್ಕ, ಟ್ರೈನಿಂಗ್ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳುವ ಕರೆಗಳೇ. ನನ್ನ ಗೆಳೆಯನೊಬ್ಬ ಹೀಗೆ ನಾಲ್ಕು ಸಾವಿರ ಕಳೆದುಕೊಂಡು 1930 ಸೈಬರ್ ವಂಚನೆ ಸಹಾಯವಾಣಿಗೆ ದೂರು ಕೊಟ್ಟಿದ್ದಾನೆ. ಹಾಗಾಗಿ ಗುರುತಿಲ್ಲದ ನಂಬರ್ ಬಂದರೆ ಎತ್ತಲು ಭಯ. ಕರೆ ಮಾಡುವ ಮೊದಲು ಕಂಪನಿಯ ಹೆಸರು, ವಿಳಾಸ, ಯಾವ ಹುದ್ದೆ, ಯಾರು ಮಾತನಾಡುತ್ತಾರೆ ಎಂಬುದನ್ನು ಒಂದು ಸಂದೇಶದಲ್ಲಿ ಕಳಿಸಿದರೆ ನಾವು ಖಂಡಿತ ಎತ್ತುತ್ತೇವೆ.

ಇನ್ನೊಂದು ಮಾತು. ಕಳೆದ ವರ್ಷ ನಾನು ಒಂಬತ್ತು ಸಂದರ್ಶನಗಳಿಗೆ ಹೋಗಿದ್ದೆ. ಎರಡು ಕಡೆಯಿಂದ ಮಾತ್ರ "ಆಯ್ಕೆಯಾಗಿಲ್ಲ" ಎಂಬ ಉತ್ತರ ಬಂತು. ಉಳಿದ ಏಳು ಕಡೆ "ತಿಳಿಸುತ್ತೇವೆ" ಎಂದವರು ಇನ್ನೂ ತಿಳಿಸಿಲ್ಲ.

ಪೀಣ್ಯ_ವರ್ಕ್‌ಶಾಪ್

ತಮ್ಮಾ, ನೀನು ಹೇಳಿದ ಏಳು ಕಡೆಗಳಲ್ಲಿ ನನ್ನದೂ ಒಂದಾಗಿರಬಹುದು. ಆ ಆರು ಜನರಿಗೆ ನಾನು ಇನ್ನೂ ಏನನ್ನೂ ತಿಳಿಸಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಆದರೆ ನೋಡು, ಕರೆ ಮಾಡಿ "ಇಲ್ಲ" ಎನ್ನುವುದು ಸುಲಭವಲ್ಲ. ಕೆಲವರು ಅಳುತ್ತಾರೆ, ಕೆಲವರು ವಾದಕ್ಕೆ ನಿಲ್ಲುತ್ತಾರೆ.

ಎಚ್‌ಆರ್_ಮೈಸೂರು

ಕರೆ ಮಾಡಲೇಬೇಕೆಂದಿಲ್ಲ ಸರ್. ಬಂದು ಹೋದವರಿಗೆ ಮೂರು ಸಾಲಿನ ಸಂದೇಶ ಸಾಕು: ಬಂದದ್ದಕ್ಕೆ ಧನ್ಯವಾದ, ಈ ಹುದ್ದೆಗೆ ಬೇರೊಬ್ಬರನ್ನು ಆರಿಸಿದ್ದೇವೆ, ನೀವು ಬೇರೆ ಕಡೆ ಪ್ರಯತ್ನ ಮುಂದುವರಿಸಬಹುದು. ಆ ಕೊನೆಯ ಸಾಲಿನ ಬೆಲೆ ಬಹಳ ದೊಡ್ಡದು, ಏಕೆಂದರೆ ನಿಮ್ಮ ಉತ್ತರಕ್ಕಾಗಿ ಕಾಯುತ್ತಾ ಅವರು ಇನ್ನೊಂದು ಕೆಲಸವನ್ನು ಬಿಟ್ಟಿರುತ್ತಾರೆ. ಅರ್ಜಿ ಹಾಕಿದ 140 ಜನರಿಗೂ ಬರೆಯಲು ಆಗದಿದ್ದರೆ, "ಹದಿನೈದು ದಿನದಲ್ಲಿ ಕರೆ ಬಾರದಿದ್ದರೆ ಆಯ್ಕೆಯಾಗಿಲ್ಲವೆಂದು ತಿಳಿಯಿರಿ" ಎಂದು ಪ್ರಕಟಣೆಯಲ್ಲಿಯೇ ಹಾಕಿಬಿಡಿ.

ನನಗೊಂದು ಅನುಮಾನವಿದೆ. ಆ ಅಭ್ಯರ್ಥಿಗೆ ನೀವು ಸಂಬಳವನ್ನು ಹೇಗೆ ಹೇಳಿದಿರಿ? ಯಾವ ಪದ ಬಳಸಿದಿರಿ ಎಂಬುದನ್ನು ನೆನಪಿಸಿಕೊಂಡು ಬರೆಯಿರಿ.

ಪೀಣ್ಯ_ವರ್ಕ್‌ಶಾಪ್

"ತಿಂಗಳಿಗೆ ಇಪ್ಪತ್ತೆರಡು ಸಾವಿರ" ಎಂದೆ. ಪಿಎಫ್, ಇಎಸ್‌ಐ (ಭವಿಷ್ಯ ನಿಧಿ, ಕಾರ್ಮಿಕರ ವಿಮೆ) ಎಲ್ಲ ಇರುತ್ತದೆ ಎಂದೂ ಹೇಳಿದ್ದೇನೆ. ಇದರಲ್ಲಿ ಮುಚ್ಚುಮರೆ ಏನಿಲ್ಲ.

ಲೆಕ್ಕಪತ್ರ_ತುಮಕೂರು

ಮುಚ್ಚುಮರೆ ಇಲ್ಲದಿರಬಹುದು, ಆದರೆ ಗೊಂದಲ ಖಂಡಿತ ಇದೆ. ನಾನು ಹತ್ತಾರು ಸಣ್ಣ ಕಾರ್ಖಾನೆಗಳ ಸಂಬಳದ ಲೆಕ್ಕ ಬರೆಯುವವನು. 22,000 ಎಂಬುದು ಸಿಟಿಸಿ (ಉದ್ಯೋಗಿಗಾಗಿ ಮಾಲೀಕರು ಮಾಡುವ ಒಟ್ಟು ಖರ್ಚು) ಆಗಿದ್ದು, ಮೂಲ ವೇತನ 15,000 ಎಂದಿಟ್ಟುಕೊಳ್ಳಿ. ಶೇ. 12ರಂತೆ ಮಾಲೀಕರ ಪಾಲಿನ ಪಿಎಫ್ 1,800, ಉದ್ಯೋಗಿಯ ಪಾಲಿನ ಪಿಎಫ್ 1,800. ಎರಡನ್ನೂ ಅದೇ ಮೊತ್ತದಿಂದ ತೆಗೆದರೆ ಉಳಿಯುವುದು 18,400. ಮಾಲೀಕರ ಪಾಲು ಕಳೆದ ವೇತನ 21,000ದ ಮಿತಿಯೊಳಗೆ ಬರುವುದರಿಂದ ಇಎಸ್‌ಐ ಕೂಡ ಅನ್ವಯಿಸುತ್ತದೆ. ಅದರಲ್ಲಿ ಉದ್ಯೋಗಿಯ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಅದನ್ನೂ ಸಿಟಿಸಿಯೊಳಗೇ ತುರುಕಿದ್ದರೆ ಕೈಗೆ 18,000ವೂ ಬರುವುದಿಲ್ಲ. ನೀವು 22 ಎಂದಿರಿ, ಅವರು ಕೈಗೆ 22 ಎಂದು ಕೇಳಿಸಿಕೊಂಡರು. ಆಫರ್ ಲೆಟರ್‌ನ ಎರಡನೇ ಪುಟದ ಕೋಷ್ಟಕ ನೋಡಿದ ಮೇಲೆ ಮನೆಯಲ್ಲಿ ಏನು ಮಾತುಕತೆ ನಡೆದಿರಬಹುದು ಎಂಬುದನ್ನು ಊಹಿಸಿ.

ಪೀಣ್ಯ_ವರ್ಕ್‌ಶಾಪ್

ಕೋಷ್ಟಕವನ್ನು ನಮ್ಮ ಅಕೌಂಟೆಂಟ್ ಮಾಡಿದ್ದು. ಹೌದು, ಮಾಲೀಕರ ಪಾಲೂ 22ರ ಒಳಗೇ ಇದೆ. ಆದರೆ ಎಲ್ಲ ಕಡೆಯೂ ಈಗ ಹಾಗೆಯೇ ಮಾಡುತ್ತಾರಲ್ಲವೇ? ಒಂದು ವೇಳೆ ಸಂಬಳ ಒಗ್ಗದಿದ್ದರೂ ಅದನ್ನು ಫೋನಿನಲ್ಲಿ ಹೇಳಬಹುದಿತ್ತು. ನಾನೇನು ಹುಲಿಯೇ?

ಮೂರನೇ_ಪಾಳಿ

ನಿಮಗೆ ನೀವು ಹುಲಿಯಲ್ಲ. ಇಪ್ಪತ್ತೆರಡು ವರ್ಷದವರ ಕಣ್ಣಿಗೆ ಗಾಜಿನ ಕ್ಯಾಬಿನ್ನಿನೊಳಗೆ ಕುಳಿತವರೆಲ್ಲ ಹುಲಿಗಳೇ. "ಸರ್, ಸಂಬಳ ಕಡಿಮೆಯಾಯಿತು" ಎಂದು ಮಾಲೀಕರಿಗೆ ಹೇಳುವುದನ್ನು ನಮಗೆ ಯಾರು ಕಲಿಸಿದ್ದಾರೆ? ಹೇಳಲಾಗದೆ ತಲೆಮರೆಸಿಕೊಳ್ಳುತ್ತಾರೆ. ಅದು ತಪ್ಪೇ, ಆದರೆ ಅಹಂಕಾರದ ತಪ್ಪಲ್ಲ.

ಶಾಲಾ_ಕಾರ್ಯದರ್ಶಿ_ದಾವಣಗೆರೆ

ಇನ್ನೊಂದು ವಿಷಯ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಬರಹದುದ್ದಕ್ಕೂ ಆ ಅಭ್ಯರ್ಥಿಯನ್ನು "ಹುಡುಗ", "ಅವನು" ಎಂದಿದ್ದೀರಿ. ಸಂದರ್ಶನದಲ್ಲಿಯೂ ಏಕವಚನದಲ್ಲಿಯೇ ಮಾತನಾಡಿಸಿದಿರಾ?

ಪೀಣ್ಯ_ವರ್ಕ್‌ಶಾಪ್

"ಬಾರಪ್ಪ, ಕೂತುಕೋ" ಎಂದಿರುತ್ತೇನೆ. ನಮ್ಮ ಶಾಪ್‌ನಲ್ಲಿ ಎಲ್ಲರೂ ಹಾಗೆಯೇ ಮಾತನಾಡುವುದು. ಅದರಲ್ಲಿ ಪ್ರೀತಿ ಇದೆ, ಕೀಳಾಗಿ ಕಾಣುವುದಿಲ್ಲ. ನನ್ನ ಮಗನ ವಯಸ್ಸಿನವರಿಗೆ "ತಾವು ಆಸೀನರಾಗಿ" ಎನ್ನಲೇ?

ಶಾಲಾ_ಕಾರ್ಯದರ್ಶಿ_ದಾವಣಗೆರೆ

"ಬನ್ನಿ, ಕೂತುಕೊಳ್ಳಿ" ಎಂದರೆ ಸಾಕು. ವರ್ಷಗಟ್ಟಲೆ ಜೊತೆಯಲ್ಲಿ ಕೆಲಸ ಮಾಡಿ, ಒಂದೇ ಡಬ್ಬಿಯಲ್ಲಿ ಉಂಡ ಮೇಲೆ ಬರುವ ಏಕವಚನ ಪ್ರೀತಿಯದು. ಮೊದಲ ಭೇಟಿಯಲ್ಲಿ, ಒಬ್ಬರು ಕೆಲಸ ಕೊಡುವ ಕುರ್ಚಿಯಲ್ಲಿ, ಇನ್ನೊಬ್ಬರು ಕೇಳುವ ಕುರ್ಚಿಯಲ್ಲಿ ಕುಳಿತಿರುವಾಗ ಅದೇ ಏಕವಚನ ಬೇರೆ ಅರ್ಥ ಕೊಡುತ್ತದೆ. ಆ ಅಭ್ಯರ್ಥಿ ನಿಮ್ಮನ್ನು "ನೀನು" ಎಂದು ತಿರುಗಿ ಕರೆಯಲಾರ ಎಂಬುದನ್ನು ನೋಡಿ. ನಾವು ಹಳೆಯ ವಿದ್ಯಾರ್ಥಿಯೇ ಸಂದರ್ಶನಕ್ಕೆ ಬಂದರೂ ಬಹುವಚನದಲ್ಲಿಯೇ ಮಾತನಾಡಿಸುತ್ತೇವೆ.

ಹುಬ್ಬಳ್ಳಿ_ಸಗಟು

ನಮ್ಮ ಕಡೆ ಇಷ್ಟೆಲ್ಲ ಲೆಕ್ಕ ಹಾಕುವುದಿಲ್ಲರೀ. "ತಮ್ಮಾ, ಯಾವೂರು, ಯಾರ ಪೈಕಿ" ಎಂದು ಕೇಳಿ ಪರಿಚಯ ಮಾಡಿಕೊಳ್ಳುವುದೇ ಸಂದರ್ಶನದ ಆರಂಭ. ಊರು ಕೇಳದೆ ಮನುಷ್ಯನನ್ನು ತಿಳಿಯುವುದು ಹೇಗೆ?

ಎಚ್‌ಆರ್_ಮೈಸೂರು

ಊರು ಕೇಳಿ, ಅಡ್ಡಿಯಿಲ್ಲ. ಎಷ್ಟು ದೂರದಿಂದ ಬರಬೇಕು, ವಸತಿ ಬೇಕೇ ಎಂದು ತಿಳಿಯುತ್ತದೆ. "ಯಾರ ಪೈಕಿ" ಎಂಬುದು ಊರಿನ ಪ್ರಶ್ನೆಯಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು, ಎದುರಿಗೆ ಕುಳಿತವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನೀವು ಸದುದ್ದೇಶದಿಂದಲೇ ಕೇಳಿರಬಹುದು. ಆದರೆ ಆ ಮಾತು ಕಿವಿಗೆ ಬಿದ್ದ ಕ್ಷಣದಿಂದ ಅಭ್ಯರ್ಥಿ ಬಿಲ್ಲಿಂಗ್ ಬಗ್ಗೆ ಯೋಚಿಸುವುದನ್ನು ಬಿಟ್ಟು, ಯಾವ ಉತ್ತರ ಕೊಟ್ಟರೆ ಕೆಲಸ ಸಿಗುತ್ತದೆ ಎಂದು ಯೋಚಿಸತೊಡಗುತ್ತಾರೆ.

ಇದೇ ಸಾಲಿಗೆ ಸೇರುವ ಇನ್ನೊಂದು ಪ್ರಶ್ನೆ ಮದುವೆಯದು. ಹೆಣ್ಣುಮಕ್ಕಳಿಗೆ "ಮದುವೆ ಯಾವಾಗ, ಮಕ್ಕಳ ವಿಚಾರ ಏನು" ಎಂದು ಕೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿದ ಮೇಲೆ ಸಣ್ಣ ಸಂಸ್ಥೆಗಳಲ್ಲಿ ಈ ಪ್ರಶ್ನೆ ಜಾಸ್ತಿಯಾದಂತೆ ನನಗೆ ಅನ್ನಿಸುತ್ತದೆ. ಮಾಲೀಕರ ಭಯ ನನಗೆ ಅರ್ಥವಾಗುತ್ತದೆ. ಇಎಸ್‌ಐ ವ್ಯಾಪ್ತಿಗೆ ಬಾರದವರ ವಿಷಯದಲ್ಲಿ ಆ ಸಂಬಳದ ಭಾರ ಅವರ ಮೇಲೆಯೇ ಬೀಳುತ್ತದೆ. ಆದರೂ ಆ ಭಯವನ್ನು ಸಂದರ್ಶನದ ಮೇಜಿನ ಮೇಲೆ ಇಡುವಂತಿಲ್ಲ. ವೈದ್ಯಕೀಯ ತಪಾಸಣೆಯ ಹೆಸರಿನಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳುವವರೂ ಇದ್ದಾರೆ; ಕೆಲಸ ಕೊಡಲು ಆ ಪರೀಕ್ಷೆಯನ್ನು ಷರತ್ತಾಗಿಸುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ.

ಸ್ಟುಟ್‌ಗಾರ್ಟ್_ಕನ್ನಡಿಗ

ಮೂಲತಃ ಹಾಸನದವನು, ಹನ್ನೊಂದು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ನಮ್ಮ ವಿಭಾಗಕ್ಕೆ ಜನರನ್ನು ಆರಿಸುವ ಸಮಿತಿಯಲ್ಲಿ ಕೂರುತ್ತೇನೆ. ಇಲ್ಲಿಯ ಎರಡು ವಿಷಯಗಳು ನಿಮಗೆ ಉಪಯೋಗವಾಗಬಹುದು. ಅಭ್ಯರ್ಥಿಯನ್ನು ಸಂದರ್ಶನಕ್ಕೆ ಆಹ್ವಾನಿಸಿದರೆ ಅವರ ಪ್ರಯಾಣದ ವೆಚ್ಚವನ್ನು ಆಹ್ವಾನಿಸಿದವರೇ ಭರಿಸಬೇಕು. ಕೊಡುವುದಿಲ್ಲ ಎಂದಾದರೆ ಅದನ್ನು ಆಹ್ವಾನದಲ್ಲಿಯೇ ಮೊದಲೇ ತಿಳಿಸಿರಬೇಕು. ಇದು ಇಲ್ಲಿಯ ಕಾನೂನು. ಎರಡನೆಯದು, ಗರ್ಭಿಣಿಯೇ ಎಂಬಂಥ ಪ್ರಶ್ನೆಯನ್ನು ಕೇಳುವಂತಿಲ್ಲ. ಕೇಳಿದರೆ ಅಭ್ಯರ್ಥಿ ಸುಳ್ಳು ಉತ್ತರ ಕೊಟ್ಟರೂ ಅದನ್ನು ಮುಂದಿಟ್ಟುಕೊಂಡು ಕೆಲಸದಿಂದ ತೆಗೆಯಲಾಗದು. ತಾರತಮ್ಯ ವಿರೋಧಿ ಕಾಯ್ದೆ ಇಲ್ಲಿ 2006ರಿಂದ ಇದೆ. ಹಾಗಾಗಿ ಸಂದರ್ಶನದಲ್ಲಿ ನಾವು ಕೇಳುವ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟು, ಎಲ್ಲರಿಗೂ ಅವನ್ನೇ ಕೇಳುತ್ತೇವೆ.

ಹುಬ್ಬಳ್ಳಿ_ಸಗಟು

ಬಸ್ ಚಾರ್ಜು ನಾವು ಕೊಡಬೇಕೇ? ಹಾಗಾದರೆ ಊರು ನೋಡಲು ಬರುವವರೆಲ್ಲ ಸಂದರ್ಶನಕ್ಕೆ ಬರುತ್ತಾರೆ.

ಸ್ಟುಟ್‌ಗಾರ್ಟ್_ಕನ್ನಡಿಗ

ಭಾರತದಲ್ಲಿ ಕೊಡಲೇಬೇಕೆಂದು ನಾನು ಹೇಳುತ್ತಿಲ್ಲ. ಕಲಬುರಗಿಯಿಂದ ಒಬ್ಬರನ್ನು ಬೆಂಗಳೂರಿಗೆ ಕರೆಸುವ ಮೊದಲು ಇಪ್ಪತ್ತು ನಿಮಿಷ ವಿಡಿಯೊ ಕರೆಯಲ್ಲಿ ಮಾತನಾಡಿ, ನಿಜವಾಗಿಯೂ ಬೇಕೆನಿಸಿದರೆ ಮಾತ್ರ ಕರೆಸಬಹುದಲ್ಲ? ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು ಬಂದವರಿಗೆ ಐದು ನಿಮಿಷದಲ್ಲಿ "ಅನುಭವ ಕಡಿಮೆ" ಎಂದು ಹೇಳಿ ಕಳಿಸುತ್ತಾರೆ. ಆ ವಿಷಯ ಅರ್ಜಿಯಲ್ಲಿಯೇ ಇತ್ತು.

ಸಾಫ್ಟ್‌ವೇರ್_ಮ್ಯಾನೇಜರ್

ವಿಡಿಯೊ ಸಂದರ್ಶನದ ಕಷ್ಟ ನಿಮಗೆ ಗೊತ್ತಿಲ್ಲ. ತುಟಿ ಒಬ್ಬರದು, ಧ್ವನಿ ಇನ್ನೊಬ್ಬರದು ಇದ್ದ ಸಂದರ್ಶನವನ್ನು ನಾನು ನಡೆಸಿದ್ದೇನೆ. ಈಗಂತೂ ಪ್ರಶ್ನೆ ಮುಗಿಯುವ ಮೊದಲೇ ಕಣ್ಣುಗಳು ಪಕ್ಕದ ಪರದೆಯ ಮೇಲೆ ಎಡದಿಂದ ಬಲಕ್ಕೆ ಓಡುತ್ತವೆ. ಹಾಗೆಂದು ಬಂದವರನ್ನೆಲ್ಲ ಕಳ್ಳರಂತೆ ಕಾಣುವುದೂ ಸರಿಯಲ್ಲ. ನಾನು ಆರಂಭದಲ್ಲಿಯೇ "ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಅದಕ್ಕೆ ಅಂಕ ಕಳೆಯುವುದಿಲ್ಲ" ಎಂದು ಹೇಳಿ, ಅವರೇ ಮಾಡಿದ ಕೆಲಸವೊಂದನ್ನು ವಿವರಿಸಲು ಕೇಳುತ್ತೇನೆ. ತಾವೇ ಬೆವರು ಸುರಿಸಿ ಮಾಡಿದ್ದನ್ನು ಯಾರೂ ಓದಿ ಹೇಳಬೇಕಾಗುವುದಿಲ್ಲ.

ಮನೆಗೆ ಕೊಡುವ ಅಸೈನ್‌ಮೆಂಟ್ ಬಗ್ಗೆಯೂ ಹೇಳಬೇಕು. ಎರಡು ಗಂಟೆಯಲ್ಲಿ ಮುಗಿಯುವಂಥದ್ದನ್ನು ಕೊಡಿ. ನಾಲ್ಕು ದಿನ ಹಿಡಿಯುವ, ನಾಳೆ ನಿಮ್ಮ ಗ್ರಾಹಕರಿಗೇ ಉಪಯೋಗವಾಗುವ ಕೆಲಸವನ್ನು ಕೊಟ್ಟರೆ ಅದು ಪರೀಕ್ಷೆಯಲ್ಲ, ಬಿಟ್ಟಿ ದುಡಿಮೆ.

ನಿವೃತ್ತ_ಅಧಿಕಾರಿ

ಸಂದರ್ಶನ ಎಂಬುದೇ ಅಷ್ಟು ಭರವಸೆಗೆ ಅರ್ಹವಲ್ಲ ಎಂಬುದು ನನ್ನ ಅಭಿಪ್ರಾಯ. ಕೇಂದ್ರ ಸರ್ಕಾರವೇ 2016ರ ಜನವರಿ 1ರಿಂದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ಹತ್ತು ನಿಮಿಷದ ಮಾತಿನಲ್ಲಿ ಶಿಫಾರಸಿಗೆ ಸಿಗುವ ಅವಕಾಶ ಕೌಶಲಕ್ಕೆ ಸಿಗುವುದಿಲ್ಲ. ಪೀಣ್ಯದವರು ಮೈಕ್ರೋಮೀಟರ್ ಇಟ್ಟು ನೋಡಿದ್ದು ಸರಿಯಾದ ದಾರಿ.

ಮೂರನೇ_ಪಾಳಿ

ಝೀರೋ ಕೆಡಿಸಿಟ್ಟ ಮೈಕ್ರೋಮೀಟರ್ ಕೊಡುವುದು ಪರೀಕ್ಷೆಯೋ ಬಲೆಯೋ? ಸಂದರ್ಶನದ ಗಾಬರಿಯಲ್ಲಿ ಮಾಲೀಕರು ಕೈಗೆ ಕೊಟ್ಟ ಉಪಕರಣವನ್ನು ಅನುಮಾನಿಸಲು ಯಾರಿಗೆ ಧೈರ್ಯ ಬರುತ್ತದೆ?

ಪೀಣ್ಯ_ವರ್ಕ್‌ಶಾಪ್

ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಶಾಪ್‌ಫ್ಲೋರಿನಲ್ಲಿ ಮೈಕ್ರೋಮೀಟರ್ ತನ್ನ ಝೀರೋ ಕೆಟ್ಟಿದೆ ಎಂದು ತಾನಾಗಿ ಹೇಳುವುದಿಲ್ಲ. ರಾತ್ರಿ ಪಾಳಿಯಲ್ಲಿ ಯಾರೋ ಕೆಳಗೆ ಬೀಳಿಸಿ ಸುಮ್ಮನೆ ಇಟ್ಟಿರುತ್ತಾರೆ. ಅನುಮಾನಿಸುವುದೇ ಇನ್‌ಸ್ಪೆಕ್ಟರ್ ಕೆಲಸ, 0.02 ತಪ್ಪಿದರೆ ಐನೂರು ಬುಶ್ ವಾಪಸ್ ಬರುತ್ತವೆ. ಆದರೆ ಪರೀಕ್ಷೆಯ ನಂತರ ಸರಿಯಾದ ಉತ್ತರ ಯಾವುದು ಎಂಬುದನ್ನು ನಾನು ಆರು ಜನರಿಗೂ ಹೇಳದೆ ಕಳಿಸಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಲೆಕ್ಕಪತ್ರ_ತುಮಕೂರು

ಒಂದು ವಿಷಯವನ್ನು ಯಾರೂ ಪ್ರಸ್ತಾಪಿಸಲಿಲ್ಲ. ಅಭ್ಯರ್ಥಿ ಈಗ ಕೆಲಸ ಮಾಡುತ್ತಿರುವ ಕಡೆಗೆ ಅವರ ಅನುಮತಿ ಇಲ್ಲದೆ ಫೋನ್ ಮಾಡಿ ವಿಚಾರಿಸಬೇಡಿ. ನನಗೇ ಆದ ಅನುಭವವಿದು. ಹತ್ತು ವರ್ಷಗಳ ಹಿಂದೆ ನಾನು ಒಂದು ಕಡೆ ಸಂದರ್ಶನ ಮುಗಿಸಿ ಮಧ್ಯಾಹ್ನ ಆಫೀಸಿಗೆ ಮರಳುವಷ್ಟರಲ್ಲಿ, ಸಂದರ್ಶನ ಮಾಡಿದವರು ನಮ್ಮ ಮಾಲೀಕರಿಗೆ ಫೋನ್ ಮಾಡಿ "ನಿಮ್ಮಲ್ಲಿಯ ಇಂಥವರು ಹೇಗೆ?" ಎಂದು ಕೇಳಿಬಿಟ್ಟಿದ್ದರು. ಆ ಕೆಲಸ ನನಗೆ ಸಿಗಲಿಲ್ಲ. ಇದ್ದ ಕಡೆ ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು, ನಾಲ್ಕು ತಿಂಗಳು ಯಾರೂ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಮಾಲೀಕರಿಬ್ಬರೂ ಪರಿಚಿತರಂತೆ; ಅವರಿಗೆ ಅದು ಎರಡು ನಿಮಿಷದ ಲೋಕಾಭಿರಾಮ.

ಎಚ್‌ಆರ್_ಮೈಸೂರು

ತುಮಕೂರಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ವಿಚಾರಣೆ ಬೇಕಿದ್ದರೆ ಹಿಂದಿನ ಸಂಸ್ಥೆಯವರನ್ನು ಕೇಳಬಹುದು, ಅದೂ ಅಭ್ಯರ್ಥಿಯೇ ಕೊಟ್ಟ ಹೆಸರುಗಳನ್ನು. ಈಗಿರುವ ಕಡೆಯದನ್ನು ಆಫರ್ ಕೊಟ್ಟು, ಅವರು ರಾಜೀನಾಮೆ ಸಲ್ಲಿಸಿದ ನಂತರ ಕೇಳಿ.

ಪೀಣ್ಯದ ಸರ್, ಆ ಅಭ್ಯರ್ಥಿಗೆ ಇನ್ನೊಮ್ಮೆ ಬರೆಯುವುದಾದರೆ ಕಾರಣ ಕೇಳಬೇಡಿ, ಆಪಾದಿಸಬೇಡಿ.

ಪೀಣ್ಯ_ವರ್ಕ್‌ಶಾಪ್ (ಐದು ದಿನಗಳ ನಂತರ)

ಆದದ್ದನ್ನು ತಿಳಿಸುತ್ತೇನೆ. "ನೀವು ಬಾರದಿದ್ದರೂ ಬೇಸರವಿಲ್ಲ, ನೀವು ಮೈಕ್ರೋಮೀಟರ್ ನೋಡಿದ ರೀತಿ ನನಗೆ ಬಹಳ ಹಿಡಿಸಿತ್ತು, ಎಲ್ಲಿದ್ದರೂ ಒಳ್ಳೆಯದಾಗಲಿ" ಎಂದು ಬರೆದೆ. ಆ ರಾತ್ರಿ ಹತ್ತು ಗಂಟೆಗೆ ಅವರಿಂದ ಉದ್ದನೆಯ ಉತ್ತರ ಬಂತು. ಈಗಿರುವ ಕಡೆ ಕೈಗೆ 19,000 ಬರುತ್ತಿದೆಯಂತೆ. ನಮ್ಮ ಕೋಷ್ಟಕ ನೋಡಿದ ತಂದೆ, "ಇದ್ದದ್ದನ್ನು ಬಿಟ್ಟು ಕಡಿಮೆಗೆ ಹೋಗುತ್ತೀಯಾ?" ಎಂದರಂತೆ. ಒಪ್ಪಿಗೆ ಕಳಿಸಿಬಿಟ್ಟಿದ್ದರಿಂದ ನನಗೆ ಹೇಗೆ ಹೇಳುವುದೆಂದು ತಿಳಿಯದೆ ಫೋನ್ ಎತ್ತಲಿಲ್ಲ ಎಂದು ಕ್ಷಮೆ ಕೇಳಿದ್ದಾರೆ. ನನಗೆ ಸಿಟ್ಟು ಪೂರ್ತಿ ಹೋಗಿಲ್ಲ. ಒಂದು ಫೋನ್ ಮಾಡಿದ್ದರೆ ನಾನು ಮಾಲೀಕರ ಪಾಲನ್ನು ಹೊರಗಿಡುತ್ತಿದ್ದೆ. ಆದರೂ 22 ಎಂಬ ಮಾತು ನನ್ನ ಬಾಯಿಂದ ಬಂದದ್ದು. ಈಗ ಅವರು ಅಲ್ಲಿಯೇ ಮುಂದುವರಿಯುತ್ತಾರಂತೆ, ನಾನು ಒತ್ತಾಯಿಸಲಿಲ್ಲ. ಆಫರ್ ಲೆಟರ್‌ನ ಮೊದಲ ಪುಟದಲ್ಲಿಯೇ "ಕೈಗೆ ಬರುವ ಮೊತ್ತ" ಎಂಬ ಸಾಲನ್ನು ಹಾಕಿಸಿದ್ದೇನೆ.

ಉಳಿದ ಆರು ಜನರಿಗೆ ಸಂದೇಶದ ಬದಲು ಫೋನನ್ನೇ ಮಾಡಿದೆ. ಇಬ್ಬರಿಗೆ ಬೇರೆ ಕೆಲಸ ಸಿಕ್ಕಿದೆ. ರಾಣೆಬೆನ್ನೂರಿನವರೊಬ್ಬರು "ನಾನು ಎಲ್ಲಿ ತಪ್ಪಿದೆ ಎಂದು ಹೇಳುತ್ತೀರಾ ಸರ್?" ಎಂದು ಕೇಳಿದರು. ಝೀರೋ ಎರರ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರ್, ನಮ್ಮ ಕಾಲೇಜಿನಲ್ಲಿ ನಲವತ್ತು ಜನರಿಗೆ ಇದ್ದದ್ದು ಎರಡೇ ಮೈಕ್ರೋಮೀಟರ್, ಅದನ್ನು ಮುಚ್ಚಿ ನೋಡಬೇಕೆಂದು ಯಾರೂ ಹೇಳಿರಲಿಲ್ಲ" ಎಂದರು. ಅವರನ್ನು ಇನ್ನೊಮ್ಮೆ ಕರೆದಿದ್ದೇನೆ, ಬಸ್ ಚಾರ್ಜು ನನ್ನದೇ ಎಂದು ಹೇಳಿದ್ದೇನೆ. ಈ ಸಲ ಅಳೆಯಲು ವರ್ನಿಯರ್ ಕ್ಯಾಲಿಪರ್ ಕೊಡುತ್ತೇನೆ.

ಮೂರನೇ_ಪಾಳಿ

ವರ್ನಿಯರ್‌ನ ಝೀರೋ ಸರಿ ಇರುತ್ತದೆಯೇ?

ಪೀಣ್ಯ_ವರ್ಕ್‌ಶಾಪ್

ಅದನ್ನು ಅವರೇ ನೋಡಿ ಹೇಳಲಿ.

ಹುಬ್ಬಳ್ಳಿ_ಸಗಟು

ಬಸ್ ಚಾರ್ಜಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಮಾರ್ಕ್ಸ್‌ಕಾರ್ಡ್ ವಿಷಯದಲ್ಲಿ ನಿನ್ನೆ ಕಪಾಟು ತೆಗೆದು ನೋಡಿದೆ: ಮೂರು ಇವೆ, ಒಂದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಹುಡುಗಿಯದು. ನಂಬರ್ ಬದಲಾಗಿದೆ. ವಿಳಾಸ ಕುಂದಗೋಳದ ಕಡೆಯದು. ನಾಳೆ ಆ ಕಡೆಗೆ ಮಾಲು ಹೋಗುವ ಗಾಡಿಯಲ್ಲಿ ನಮ್ಮ ಹಿರಿಯ ಗುಮಾಸ್ತರನ್ನು ಕಳಿಸುತ್ತಿದ್ದೇನೆ.